ಬೆರಳು ತೋರಿಸುವವನ ಹೊಣೆ

(ಕಾರ್ಮಿಕರಾದ ಸಂತ ಜೋಸೆಫರ ಹಬ್ಬದ ದಿನ ಪುಲ್ಪಳ್ಳಿಯಲ್ಲಿ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಮೇ ತಿಂಗಳ ಮೊದಲನೆಯ ದಿನ ದುಡಿಯುವವರ ದಿನ. ೧೯೫೫ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಇದನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಬಡಗಿಯ ಕೈಯಲ್ಲಿದ್ದ ಉಳಿಗೂ ಗರಗಸಕ್ಕೂ ದೇವರ ಮುಂದೆ ಗೌರವವಿದೆ ಎಂಬುದು ಈ ಹಬ್ಬದ ಅರ್ಥ. ಪ್ರತಿ ವರ್ಷ ಈ ದಿನ ನಾವು ಕೂಲಿ, ಬೋನಸ್, ಪಿ.ಎಫ್., ಸೋರುವ ಲೈನ್ ಮನೆಗಳ ಮಾತನ್ನು ಆಡುತ್ತೇವೆ. ಆ ಮಾತು ಮುಗಿದಿಲ್ಲ, ಮಧ್ಯಾಹ್ನದ ಮೇಲೆ ಅದನ್ನೂ ಆಡೋಣ. ಈಗ ಮಾತ್ರ ಬೇರೊಂದು ವಿಷಯ.

ಸೈನಿಕನೊಬ್ಬ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಬಲ್ಲ ಒಂದು ಯಂತ್ರವಿದೆ. ಅದರಿಂದ ಕಣ್ಣಿಗೆ ಕಾಣದ ಬೆಳಕು ಹೊರಡುತ್ತದೆ. ಹಲವು ಕಿಲೋಮೀಟರ್ ಆಚೆ ಇರುವ ಒಂದು ಕಟ್ಟಡದ ಮೇಲೋ ವಾಹನದ ಮೇಲೋ ಆ ಬೆಳಕು ಬಿದ್ದರೆ, ಆಕಾಶದಿಂದ ಬರುವ ಬಾಂಬು ಅದೇ ಜಾಗಕ್ಕೆ ಬಂದು ಬೀಳುತ್ತದೆ. ಲೇಸರ್ ಬೆಳಕಿನಿಂದ ಗುರಿ ತೋರಿಸುವ ಯಂತ್ರ ಎಂದು ಅದನ್ನು ಕರೆಯಬಹುದು. ಮೆಣಸು ಕೊಯ್ಯುವ, ಕಾಫಿ ಹಣ್ಣು ಬಿಡಿಸುವ ನಮಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು.

ಸಂಬಂಧವಿದೆ. ನಮ್ಮ ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿಸಿ, ಐ.ಟಿ.ಐ.ಯಲ್ಲಿ ಫಿಟ್ಟರ್, ಎಲೆಕ್ಟ್ರಾನಿಕ್ಸ್ ಕಲಿತು, ಮೈಸೂರು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಕಬಿನಿ ದಾಟಿದರೆ ಬೈರಕುಪ್ಪೆ. ಅಲ್ಲಿಂದ ಮುಂದೆ ಕೆಲಸವಿರುವ ಊರುಗಳು. ಆ ಊರುಗಳಲ್ಲಿ ಸೈನ್ಯಕ್ಕೆ ಸಾಮಾನು ಮಾಡಿಕೊಡುವ ದೊಡ್ಡ ಕಾರ್ಖಾನೆಗಳೂ ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಶೆಡ್ಡುಗಳೂ ಇವೆ. ನಮ್ಮ ಕೂಟದ ತಾಯಂದಿರು ಕೇಳಿದ ಪ್ರಶ್ನೆ ಇದು: "ಉಪದೇಶಿಯವರೇ, ಮಗ ಅಂಥ ಕಡೆ ಕೆಲಸಕ್ಕೆ ಸೇರಿದರೆ ಪಾಪವೇ? ಸೇರದೆ ಹೋದರೆ ಸಂಘದ ಸಾಲ ತೀರಿಸುವವರು ಯಾರು?" ಈ ಪ್ರಶ್ನೆಯನ್ನು ಕೂಟದಲ್ಲಿ ಹಲವು ಸಲ ಕೂತು ಮಾತಾಡಿದ್ದೇವೆ. ನಮಗೆ ತೋಚಿದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ.

ಯಂತ್ರದ ಕೆಲಸ

ಮೊದಲು ಯಂತ್ರವನ್ನು ತಿಳಿಯೋಣ. ತಿಳಿಯದೆ ಹೊಗಳುವುದೂ ತಪ್ಪು, ತಿಳಿಯದೆ ಶಪಿಸುವುದೂ ತಪ್ಪು.

ರಾತ್ರಿ ಹಲಸಿನ ಮರದ ಬುಡಕ್ಕೆ ಆನೆ ಬಂದಾಗ ನಾವು ಏನು ಮಾಡುತ್ತೇವೆ? ಒಬ್ಬ ಟಾರ್ಚು ಹಿಡಿದು ಆನೆ ನಿಂತ ಜಾಗ ತೋರಿಸುತ್ತಾನೆ. ಇನ್ನೊಬ್ಬ ಆ ಬೆಳಕು ಬಿದ್ದ ಕಡೆಗೆ ಪಟಾಕಿ ಎಸೆಯುತ್ತಾನೆ. ತೋರಿಸುವವನು ಒಬ್ಬ, ಎಸೆಯುವವನು ಇನ್ನೊಬ್ಬ. ಈ ಯಂತ್ರದ ಮರ್ಮವೆಲ್ಲ ಇಷ್ಟೇ.

ಆದರೆ ನಮ್ಮ ಟಾರ್ಚಿನ ಬೆಳಕು ನೂರು ಅಡಿ ಹೋಗುವುದರೊಳಗೆ ಹರಡಿ ಮಂಕಾಗುತ್ತದೆ. ಲೇಸರ್ ಬೆಳಕು ಹಾಗಲ್ಲ. ೧೯೬೦ರ ಮೇ ೧೬ರಂದು ಅಮೆರಿಕದ ಥಿಯೋಡೋರ್ ಮೈಮನ್ ಎಂಬ ವಿಜ್ಞಾನಿ ಕೆಂಪು ಮಾಣಿಕ್ಯದ ಒಂದು ಸಣ್ಣ ಕಡ್ಡಿಯಿಂದ ಮೊಟ್ಟಮೊದಲ ಲೇಸರ್ ಬೆಳಕನ್ನು ಹೊರಡಿಸಿದರು. ಅದು ಒಂದೇ ಬಣ್ಣದ ಬೆಳಕು. ಅದರ ಅಲೆಗಳೆಲ್ಲ ಕವಾಯತಿನ ಸೈನಿಕರಂತೆ ಹೆಜ್ಜೆಗೆ ಹೆಜ್ಜೆ ಸೇರಿಸಿ ಒಂದೇ ದಿಕ್ಕಿಗೆ ನಡೆಯುತ್ತವೆ. ಆದುದರಿಂದ ಅದು ಬಹಳ ದೂರ ಹೋದರೂ ಸ್ವಲ್ಪವೇ ಹರಡುತ್ತದೆ. ಒಂದು ಕಿಲೋಮೀಟರಿಗೆ ಒಂದು ಅಡಿಯಷ್ಟು ಹರಡುವ ಕಿರಣವಾದರೆ, ಹತ್ತು ಕಿಲೋಮೀಟರ್ ಆಚೆ ಅದರ ಗುರುತು ಹತ್ತು ಅಡಿ ಅಗಲ. ನಮ್ಮ ಲೈನ್ ಮನೆಯ ಒಂದು ಕೋಣೆಯಷ್ಟು ಎಂದುಕೊಳ್ಳಿ.

ಈ ಬೆಳಕಿನಿಂದ ಸೈನ್ಯ ಎರಡು ಕೆಲಸ ಮಾಡಿಸುತ್ತದೆ. ಒಂದು, ದೂರ ಅಳೆಯುವುದು. ಗುಡ್ಡದ ಕಡೆಗೆ ಮುಖ ಮಾಡಿ ಕೂಗಿದರೆ ಕೂಗು ಮರಳಿ ಬರಲು ಹೊತ್ತು ಹಿಡಿಯುತ್ತದಲ್ಲವೇ? ಆ ಹೊತ್ತಿನಿಂದ ಗುಡ್ಡ ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ಹಾಗೆಯೇ ಬೆಳಕು ಹೋಗಿ ಬಡಿದು ಮರಳುವ ಸಮಯವನ್ನು ಯಂತ್ರ ಎಣಿಸುತ್ತದೆ. ಬೆಳಕು ಒಂದು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಮೂರು ಕಿಲೋಮೀಟರ್ ಆಚೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ಐವತ್ತು ಸಾವಿರದಲ್ಲೊಂದು ಪಾಲು ಸಾಕು.

ಎರಡನೆಯದು, ಗುರಿ ತೋರಿಸುವುದು. ಯಂತ್ರ ಹಿಡಿದವನು ಗುರಿಯ ಮೇಲೆ ಬೆಳಕನ್ನು ನಿಲ್ಲಿಸುತ್ತಾನೆ. ಬೆಳಕು ಅಲ್ಲಿ ಬಡಿದು ಚೆದುರುತ್ತದೆ. ಬಾಂಬಿನ ಮೂತಿಯಲ್ಲಿ ಒಂದು ಕಣ್ಣಿರುತ್ತದೆ. ಆ ಕಣ್ಣಿಗೆ ನಾಲ್ಕು ಭಾಗ. ಎಡ ಭಾಗಕ್ಕೆ ಹೆಚ್ಚು ಬೆಳಕು ಬಂದರೆ ಬಾಂಬಿನ ರೆಕ್ಕೆ ಅದನ್ನು ಎಡಕ್ಕೆ ತಿರುಗಿಸುತ್ತದೆ. ಬಲಕ್ಕೆ ಬಂದರೆ ಬಲಕ್ಕೆ. ನಾಲ್ಕೂ ಭಾಗಕ್ಕೆ ಸಮವಾಗಿ ಬಂದಾಗ ಬಾಂಬು ನೆಟ್ಟಗೆ ಬರುತ್ತಿದೆ ಎಂದರ್ಥ. ಬೆಳಕು ಒಂದೇ ಸಮನೆ ಉರಿಯುವುದಿಲ್ಲ, ಗೊತ್ತುಮಾಡಿದ ತಾಳಕ್ಕೆ ಮಿಡಿಯುತ್ತದೆ. ಮೇಸ್ತ್ರಿಯ ಸೀಟಿಯನ್ನು ನಾವು ಗುರುತು ಹಿಡಿಯುವಂತೆ, ಬಾಂಬಿನ ಕಣ್ಣು ತನ್ನ ತಾಳವನ್ನು ಮಾತ್ರ ಹಿಂಬಾಲಿಸುತ್ತದೆ.

ಹೊತ್ತೊಯ್ಯುವಂತೆ ಮಾಡುವುದೇ ಇದರಲ್ಲಿ ಕಷ್ಟದ ಕೆಲಸ. ದೂರ ಹೆಚ್ಚಿದಷ್ಟೂ ಬೆಳಕಿನ ಬಲ ಹೆಚ್ಚಬೇಕು. ಬಲ ಹೆಚ್ಚಿದರೆ ಬ್ಯಾಟರಿ ಭಾರವಾಗುತ್ತದೆ, ಯಂತ್ರ ಕಾಯುತ್ತದೆ. ಹೊರುವವನೋ ಮನುಷ್ಯ, ಅವನಿಗೆ ಊಟದ ಗಂಟೂ ಬಂದೂಕೂ ಬೇರೆ ಇವೆ. ಇನ್ನು ಕೈ ನಡುಕ. ಒಂದು ಮೀಟರ್ ಉದ್ದದ ಕೋಲಿನ ತುದಿ ಒಂದೇ ಒಂದು ಮಿಲಿಮೀಟರ್ ಸರಿದರೆ, ಅದು ತೋರಿಸುವ ಜಾಗ ಹತ್ತು ಕಿಲೋಮೀಟರ್ ಆಚೆ ಹತ್ತು ಮೀಟರ್ ಸರಿದಿರುತ್ತದೆ. ಒಂದು ಮನೆ ಬಿಟ್ಟು ಪಕ್ಕದ ಮನೆ! ಅದಕ್ಕೇ ಯಂತ್ರವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ. ಮಂಜು, ಮೋಡ, ಹೊಗೆ, ಮಳೆ ಇವು ಬೆಳಕನ್ನು ಚೆದುರಿಸುತ್ತವೆ. ನಮ್ಮ ವಯನಾಡಿನ ಜೂನ್ ತಿಂಗಳ ಮಂಜಿನ ಮುಂದೆ ಈ ಯಂತ್ರವೂ ಕೈ ಕಟ್ಟಿ ಕೂರಬೇಕಾಗುತ್ತದೆ.

ಇದೆಲ್ಲವನ್ನೂ ಹೇಳಿದ್ದಕ್ಕೆ ಕಾರಣವಿದೆ. ಬಾಂಬು ನೆಲ ಮುಟ್ಟುವವರೆಗೂ ಒಬ್ಬ ಮನುಷ್ಯ ಗುರಿಯ ಮೇಲೆ ಕಣ್ಣು ನೆಟ್ಟು ಬೆಳಕು ಹಿಡಿದಿರಬೇಕು. ಅಲ್ಲಿ ಮಗುವೊಂದು ಓಡಿ ಬಂದುದು ಕಂಡರೆ, ಕೊನೆಯ ಗಳಿಗೆಯಲ್ಲೂ ಬೆಳಕನ್ನು ಬಯಲಿಗೆ ಸರಿಸುವ ಅವಕಾಶ ಅವನಿಗಿರಬಹುದು. ಯಂತ್ರದೊಳಗೆ ದಯೆ ಇಲ್ಲ. ದಯೆಗೆ ಜಾಗವಿರುವುದು ಅದನ್ನು ಹಿಡಿದವನಲ್ಲಿ, ಅವನಿಗೆ ಅಪ್ಪಣೆ ಕೊಟ್ಟವನಲ್ಲಿ.

ಕನ್ನಡ ನಾಡಿನ ಕೈಗಳು

ನಮ್ಮ ದೇಶದಲ್ಲಿ ಇಂಥ ಉಪಕರಣಗಳ ಸಂಶೋಧನೆಗೆ ಡೆಹ್ರಾಡೂನಿನಲ್ಲಿ ರಕ್ಷಣಾ ಇಲಾಖೆಯ ಪ್ರಯೋಗಾಲಯವಿದೆ. ಆದರೆ ಸೈನ್ಯದ ಸಾಮಾನಿನ ಕೆಲಸದಲ್ಲಿ ಬೆಂಗಳೂರಿನ ಪಾಲು ಬಹಳ ಹಳೆಯದು. ೧೯೪೦ರಲ್ಲಿ ವಾಲಚಂದ್ ಹೀರಾಚಂದರೂ ಮೈಸೂರು ಸಂಸ್ಥಾನವೂ ಸೇರಿ ಅಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಮುಂದೆ ಎಚ್.ಎ.ಎಲ್. ಆಯಿತು. ೧೯೫೪ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತು. ಲೇಸರಿನಿಂದ ದೂರ ಅಳೆಯುವ ಉಪಕರಣಗಳೂ ಕತ್ತಲಲ್ಲಿ ನೋಡುವ ದುರ್ಬೀನುಗಳೂ ಇಂದು ಆ ಕಂಪನಿಯ ಸರಕಿನಲ್ಲಿ ಸೇರಿವೆ. ಸಾಮಾನ್ಯ ಬಾಂಬಿಗೆ ಲೇಸರ್ ಕಣ್ಣನ್ನೂ ರೆಕ್ಕೆಯನ್ನೂ ಜೋಡಿಸುವ 'ಸುದರ್ಶನ' ಎಂಬ ಸಾಧನವನ್ನು ರೂಪಿಸಿದ್ದು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್. ೨೦೧೦ರಲ್ಲಿ ಅದರ ಪರೀಕ್ಷೆ ನಡೆಯಿತು.

ಅದಕ್ಕಿಂತ ಮೊದಲೇ, ೧೯೯೯ರ ಕಾರ್ಗಿಲ್ ಯುದ್ಧದಲ್ಲಿ, ಹೊರದೇಶದಿಂದ ತಂದ ಸಾಧನಗಳಿಂದ ನಮ್ಮ ವಾಯುಪಡೆ ಲೇಸರ್ ಬಾಂಬನ್ನು ಬಳಸಿತ್ತು. ಜೂನ್ ೨೪ರಂದು ಮಿರಾಜ್ ವಿಮಾನವೊಂದು ಟೈಗರ್ ಹಿಲ್ ಶಿಖರದ ಮೇಲಿನ ವೈರಿ ನೆಲೆಗೆ ಅಂಥ ಬಾಂಬು ಹಾಕಿತು. ಜುಲೈ ೪ರಂದು ನಮ್ಮ ಸೈನಿಕರು ಆ ಶಿಖರವನ್ನು ಮರಳಿ ಹಿಡಿದರು. ಆ ಯುದ್ಧದಲ್ಲಿ ನಮ್ಮ ಐನೂರಕ್ಕೂ ಹೆಚ್ಚು ಯೋಧರು ಪ್ರಾಣ ಕೊಟ್ಟರು. ಬರಿಗೈಯಲ್ಲಿ ಬಂಡೆ ಹತ್ತುತ್ತಿದ್ದ ಆ ಹುಡುಗರ ತಲೆಯ ಮೇಲಿನ ಬಂದೂಕನ್ನು ದೂರದಿಂದಲೇ ಅಡಗಿಸಿದ ಸಾಧನವನ್ನು ಪಾಪದ ಸಾಧನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದನ್ನೂ ನೆನೆಯಬೇಕು. ಈ ಕಾರ್ಖಾನೆಗಳ ಕೆಲಸಗಾರರು ನಮ್ಮಂತೆಯೇ ಕಾರ್ಮಿಕರು. ೧೯೮೦ರ ಡಿಸೆಂಬರಿನಿಂದ ೧೯೮೧ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ೭೭ ದಿನ ಮುಷ್ಕರ ಹೂಡಿದ್ದರು. ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಎಲ್ಲದರವರೂ ಅದರಲ್ಲಿದ್ದರು. ವೇತನದ ನ್ಯಾಯಕ್ಕಾಗಿ ಎರಡೂವರೆ ತಿಂಗಳು ಸಂಬಳವಿಲ್ಲದೆ ಸಂಸಾರ ನಡೆಸಿದ ಜನ ಅವರು. ದೇಶಕ್ಕೆ ಕಣ್ಣು ಮಾಡಿಕೊಡುವವನ ಒಲೆಯೂ ಕೆಲವೊಮ್ಮೆ ಆರಿರುತ್ತದೆ.

ಗುರಿ ತಪ್ಪಲಿಲ್ಲ, ತಪ್ಪು ನಡೆಯಿತು

ಈ ಯಂತ್ರದ ಪರವಾಗಿ ಹೇಳುವ ದೊಡ್ಡ ಮಾತು ಒಂದಿದೆ. ಬಾಂಬು ನೇರವಾಗಿ ಗುರಿಗೆ ಬಿದ್ದರೆ ಸುತ್ತಲಿನ ನಿರಪರಾಧಿಗಳು ಉಳಿಯುತ್ತಾರೆ ಎಂಬುದು. ಇದರಲ್ಲಿ ಸತ್ಯವಿದೆ. ವಿಯೆಟ್ನಾಮಿನ ಥಾನ್ ಹೋವಾ ಎಂಬಲ್ಲಿ ಒಂದು ಸೇತುವೆ ಇತ್ತು. ೧೯೬೫ರಿಂದ ಅಮೆರಿಕದ ವಿಮಾನಗಳು ನೂರಾರು ಸಲ ಅದರ ಮೇಲೆ ಬಾಂಬು ಸುರಿದರೂ ಸೇತುವೆ ನಿಂತೇ ಇತ್ತು. ೧೯೭೨ರ ಮೇ ತಿಂಗಳಲ್ಲಿ ಲೇಸರ್ ಬಾಂಬುಗಳು ಅದನ್ನು ಕೆಡವಿದವು. ಗುರಿ ತಪ್ಪಿದ ಬಾಂಬುಗಳು ಯಾರ ಗದ್ದೆಗೆ, ಯಾರ ಮನೆಗೆ ಬೀಳುತ್ತವೆ ಎಂಬುದನ್ನು ಬಡವರಾದ ನಾವು ಊಹಿಸಬಲ್ಲೆವು.

ಆದರೆ ಇದೇ ಮಾತಿನ ಇನ್ನೊಂದು ಮುಖವನ್ನೂ ನೋಡಿ. ೧೯೯೧ರ ಫೆಬ್ರವರಿ ೧೩ರ ಬೆಳಗಿನ ಜಾವ ಇರಾಕಿನ ಬಾಗ್ದಾದ್ ನಗರದ ಅಮೀರಿಯ ಎಂಬ ಕಡೆ ಒಂದು ಕಾಂಕ್ರೀಟ್ ಆಶ್ರಯದ ಮೇಲೆ ಅಮೆರಿಕದ ವಿಮಾನಗಳು ಎರಡು ಲೇಸರ್ ಬಾಂಬುಗಳನ್ನು ಹಾಕಿದವು. ಎರಡೂ ಹೇಳಿದ ಜಾಗಕ್ಕೇ ಬಿದ್ದವು. ಆ ಕಟ್ಟಡ ಸೈನ್ಯದ ಅಪ್ಪಣೆ ಹೊರಡುವ ಕೇಂದ್ರವೆಂದು ಬಾಂಬು ಹಾಕಿದವರು ಹೇಳಿದರು. ಒಳಗೆ ಮಲಗಿದ್ದವರು ಬಾಂಬಿನ ಭಯಕ್ಕೆ ಅಲ್ಲಿ ಆಶ್ರಯ ಪಡೆದಿದ್ದ ಊರವರು. ನಾನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಬಹಳ.

ಬಂಧುಗಳೇ, ಅಲ್ಲಿ ಯಂತ್ರ ತಪ್ಪಲಿಲ್ಲ, ಕೈ ನಡುಗಲಿಲ್ಲ, ಮಂಜು ಅಡ್ಡ ಬರಲಿಲ್ಲ. ಒಳಗೆ ಯಾರಿದ್ದಾರೆ ಎಂಬ ತಿಳಿವಳಿಕೆ ತಪ್ಪಾಗಿತ್ತು. ಯಂತ್ರಕ್ಕೆ ಜಾಗ ಗೊತ್ತು, ಜನ ಗೊತ್ತಿಲ್ಲ. ಎಷ್ಟು ದೂರ ಎಂದು ಅದು ಅಳೆದು ಹೇಳುತ್ತದೆ, ಅಲ್ಲಿರುವವರು ಯಾರು ಎಂದು ಹೇಳುವುದಿಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಮನುಷ್ಯ. ಇಂದು ನಾವು ಹೇಳಬೇಕೆಂದಿರುವ ಒಂದೇ ಮಾತು ಇದು: ಯಂತ್ರದ ಗುರಿ ಎಷ್ಟು ಸೂಕ್ಷ್ಮವಾಗುತ್ತದೋ, ಅದನ್ನು ತೋರಿಸುವವನ ಹೊಣೆ ಅಷ್ಟೇ ಹೆಚ್ಚಾಗುತ್ತದೆ. 'ಕೈತಪ್ಪಿ ಬಿತ್ತು' ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ.

ದಾವೀದನ ಪತ್ರ

ದೂರ ನಿಂತು ಕೊಲ್ಲುವುದು ಈ ಕಾಲದ ಹೊಸ ಪಾಪವಲ್ಲ. ಸಮುವೇಲನ ಎರಡನೆಯ ಗ್ರಂಥದಲ್ಲಿ ದಾವೀದ ಅರಸನ ಕಥೆ ಇದೆ. ಊರೀಯನೆಂಬ ನಿಷ್ಠಾವಂತ ಸೈನಿಕನ ಹೆಂಡತಿಯನ್ನು ಅರಸ ಬಯಸಿದ. ಊರೀಯನನ್ನು ತನ್ನ ಕೈಯಿಂದ ಕೊಲ್ಲಲಿಲ್ಲ. ಕಾಳಗ ಬಿರುಸಾಗಿರುವ ಕಡೆ ಇವನನ್ನು ಮುಂದೆ ನಿಲ್ಲಿಸಿ ಉಳಿದವರು ಹಿಂದಕ್ಕೆ ಸರಿಯಬೇಕೆಂದು ಸೇನಾಪತಿ ಯೋವಾಬನಿಗೆ ಪತ್ರ ಬರೆದ. ಆ ಪತ್ರವನ್ನು ಊರೀಯನ ಕೈಯಲ್ಲೇ ಕಳುಹಿಸಿದ. ಅರಸ ಅರಮನೆಯಲ್ಲೇ ಇದ್ದ. ಅವನ ಬಟ್ಟೆಯ ಮೇಲೆ ಒಂದು ಹನಿ ರಕ್ತವೂ ಇರಲಿಲ್ಲ. ಬಾಣ ಬಿಟ್ಟವರು ಬೇರೆಯವರು. ಆದರೆ ದೇವರು ಪ್ರವಾದಿ ನಾತಾನನನ್ನು ಕಳುಹಿಸಿದ್ದು ಬಾಣ ಬಿಟ್ಟವರ ಬಳಿಗಲ್ಲ, ಪತ್ರ ಬರೆದವನ ಬಳಿಗೆ. ಬಡವನ ಕುರಿಮರಿಯ ಕಥೆ ಹೇಳಿ, ಆ ಅನ್ಯಾಯಗಾರ ನೀನೇ ಎಂದು ಅರಸನ ಮುಖಕ್ಕೆ ಹೇಳಿಸಿದ. ದೇವರ ಲೆಕ್ಕದಲ್ಲಿ ದೂರವೆಂಬುದು ಕ್ಷಮೆಗೆ ಕಾರಣವಲ್ಲ.

ಇಂಥ ಒಂದು ಲೆಕ್ಕವನ್ನು ನಮ್ಮ ವಯನಾಡೂ ಕಂಡಿದೆ. ೧೯೬೮ರ ನವೆಂಬರಿನಲ್ಲಿ ಇದೇ ಪುಲ್ಪಳ್ಳಿಯ ಪೊಲೀಸ್ ಕ್ಯಾಂಪಿನ ಮೇಲೆ ನಕ್ಸಲರು ದಾಳಿ ಮಾಡಿದರು. ವೈರ್‌ಲೆಸ್ ಕೆಲಸದಲ್ಲಿದ್ದ ಪೊಲೀಸನೊಬ್ಬ ಸತ್ತ. ಸಂಬಳಕ್ಕೆ ದುಡಿಯುತ್ತಿದ್ದ ಅವನ ರಕ್ತವೂ ರಕ್ತವೇ. ಆ ದಾರಿ ನಮ್ಮದಲ್ಲ. ೧೯೭೦ರ ಫೆಬ್ರವರಿಯಲ್ಲಿ ಆ ಗುಂಪಿನ ನಾಯಕ ವರ್ಗೀಸ್ ತಿರುನೆಲ್ಲಿ ಕಾಡಿನಲ್ಲಿ ಪೊಲೀಸರ ಗುಂಡಿಗೆ ಸತ್ತರು. ಎದುರಾಎದುರು ಕಾಳಗದಲ್ಲಿ ಸತ್ತರೆಂದು ಆಗ ಹೇಳಲಾಯಿತು. ಇಪ್ಪತ್ತೆಂಟು ವರ್ಷ ಕಳೆದು, ೧೯೯೮ರಲ್ಲಿ, ರಾಮಚಂದ್ರನ್ ನಾಯರ್ ಎಂಬ ಕಾನ್‌ಸ್ಟೇಬಲ್, ಹಿಡಿತದಲ್ಲಿದ್ದ ವರ್ಗೀಸರನ್ನು ಮೇಲಿನವರ ಅಪ್ಪಣೆಯಂತೆ ಗುಂಡಿಕ್ಕಿದವನು ತಾನೇ ಎಂದು ಬಾಯಿಬಿಟ್ಟರು. ೨೦೧೦ರಲ್ಲಿ ಸಿ.ಬಿ.ಐ. ನ್ಯಾಯಾಲಯ, ಅಪ್ಪಣೆ ಕೊಟ್ಟ ಅಧಿಕಾರಿ ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಗುಂಡು ಹಾರಿಸಿದ ಕೈ ನಾಲ್ಕಡಿ ದೂರದಲ್ಲಿರಲಿ, ನಲವತ್ತು ಮೈಲಿ ದೂರದಲ್ಲಿರಲಿ, 'ಅವನೇ' ಎಂದು ತೋರಿಸಿದ ಬೆರಳಿಗೆ ಒಂದು ದಿನ ಉತ್ತರ ಕೊಡುವ ಹೊತ್ತು ಬರುತ್ತದೆ.

ಕಣ್ಣಿನ ವಿಷಯದಲ್ಲಿ ಒಂದು ಕಟ್ಟಳೆ

ಮನುಷ್ಯ ಮನಸ್ಸು ಮಾಡಿದರೆ ಯುದ್ಧದ ಯಂತ್ರಕ್ಕೂ ಬೇಲಿ ಹಾಕಬಲ್ಲ ಎನ್ನುವುದಕ್ಕೆ ಲೇಸರಿನ ಚರಿತ್ರೆಯಲ್ಲೇ ಸಾಕ್ಷಿಯಿದೆ. ವೈರಿಯ ಕಣ್ಣನ್ನು ಶಾಶ್ವತವಾಗಿ ಕುರುಡು ಮಾಡುವುದಕ್ಕೆಂದೇ ಮಾಡಿದ ಲೇಸರ್ ಆಯುಧಗಳನ್ನು ೧೯೯೫ರ ಅಕ್ಟೋಬರಿನಲ್ಲಿ ವಿಯೆನ್ನಾ ನಗರದಲ್ಲಿ ಸೇರಿದ ರಾಷ್ಟ್ರಗಳು ನಿಷೇಧಿಸಿದವು. ೧೯೯೮ರಲ್ಲಿ ಆ ಒಪ್ಪಂದ ಜಾರಿಗೆ ಬಂತು. ನಮ್ಮ ಭಾರತವೂ ಅದಕ್ಕೆ ಒಪ್ಪಿದೆ. ದೂರ ಅಳೆಯುವ, ಗುರಿ ತೋರಿಸುವ ಲೇಸರುಗಳಿಗೆ ಅದು ನಿಷೇಧ ಹಾಕಿಲ್ಲ. ಆದರೆ ಅವುಗಳನ್ನು ಬಳಸುವಾಗಲೂ ಯಾರ ಕಣ್ಣೂ ಹೋಗದಂತೆ ಸಾಧ್ಯವಾದ ಎಚ್ಚರಿಕೆ ವಹಿಸಬೇಕೆಂದು ವಿಧಿಸಿದೆ. ಇಂಥ ಬೇಲಿಗಳು ತಾವಾಗಿ ಬೆಳೆಯುವುದಿಲ್ಲ, ಕೇಳುವ ಜನರಿರಬೇಕು.

ನಮ್ಮ ಬೆಟ್ಟಕ್ಕೂ ಒಂದು ಕಣ್ಣು

ಇನ್ನು ಹೊಟ್ಟೆಯ ಮಾತು. ಹತ್ತು ಕಿಲೋಮೀಟರ್ ಆಚೆಯ ವೈರಿಯನ್ನು ಕಾಣುವ ಕಣ್ಣನ್ನು ಮಾಡಬಲ್ಲ ದೇಶ, ಕೆಲಸಕ್ಕೆ ಹೊರಟ ಕಾರ್ಮಿಕನಿಂದ ಹತ್ತು ಮಾರು ದೂರದಲ್ಲಿ ನಿಂತ ಆನೆಯನ್ನು ಅವನಿಗೆ ತಿಳಿಸಲಾರದೇ?

೨೦೨೪ರ ಫೆಬ್ರವರಿಯನ್ನು ನೆನೆಯಿರಿ. ಕರ್ನಾಟಕದಲ್ಲಿ ಹಿಡಿದು ರೇಡಿಯೋ ಕಾಲರ್ ಕಟ್ಟಿ ಬಿಟ್ಟಿದ್ದ ಆನೆಯೊಂದು ಕಾಡು ದಾಟಿ ಬಂದು ಮಾನಂದವಾಡಿಯ ಪಡಮಲೆಯಲ್ಲಿ ಒಬ್ಬ ಕುಟುಂಬಸ್ಥನನ್ನು ಮನೆಯಂಗಳದವರೆಗೆ ಅಟ್ಟಿ ಕೊಂದಿತು. ಕೊರಳಿನಲ್ಲಿ ಸಂಕೇತ ಕಳಿಸುವ ಪಟ್ಟಿ ಇತ್ತು. ಆದರೆ ಎಚ್ಚರಿಕೆ ಆ ಮನೆಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಒಂದು ವಾರದೊಳಗೆ ಕುರುವಾ ದ್ವೀಪದಲ್ಲಿ ಕೆಲಸಕ್ಕಿದ್ದ ನಮ್ಮ ಪಾಕ್ಕಂ ಕಡೆಯ ಒಬ್ಬರು ಇನ್ನೊಂದು ಆನೆಗೆ ಬಲಿಯಾದರು. ಮರುದಿನ ಪುಲ್ಪಳ್ಳಿ ಪೇಟೆಯಲ್ಲಿ ಜನರ ದುಃಖವೂ ಸಿಟ್ಟೂ ಹೇಗೆ ಉಕ್ಕಿತೆಂದು ನೀವೇ ಕಂಡಿದ್ದೀರಿ.

ಅದೇ ವರ್ಷ ಜುಲೈ ೩೦ರ ನಡುರಾತ್ರಿ ಕಳೆದ ಮೇಲೆ ಮುಂಡಕ್ಕೈ, ಚೂರಲ್‌ಮಲೆ ಕಡೆ ಗುಡ್ಡ ಇಳಿದು ಬಂತು. ಇನ್ನೂರಕ್ಕಿಂತ ಹೆಚ್ಚು ಜನ ಹೋದರು. ಅವರಲ್ಲಿ ನಮ್ಮಂತೆಯೇ ಪಾಡಿಗಳಲ್ಲಿ ಮಲಗಿದ್ದ ತೋಟದ ಕೆಲಸಗಾರರಿದ್ದರು. ಆಗ ಸೈನ್ಯ ಬಂತು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಸುರಿಯುವ ಮಳೆಯಲ್ಲಿ ೧೯೦ ಅಡಿ ಉದ್ದದ ಕಬ್ಬಿಣದ ಸೇತುವೆಯನ್ನು ಕಟ್ಟಿ, ಆಗಸ್ಟ್ ೧ರಂದು ಮುಗಿಸಿದರು. ಅದರ ಮೇಲೆಯೇ ಆಂಬುಲೆನ್ಸೂ ಜೆ.ಸಿ.ಬಿ.ಯೂ ಆಚೆ ದಡ ಸೇರಿದವು. ಸೈನ್ಯವೆಂದರೆ ಕೊಲ್ಲುವ ಕೈ ಮಾತ್ರವಲ್ಲ ಎಂಬುದನ್ನು ಆ ದಿನ ನಾವು ಕಣ್ಣಾರೆ ಕಂಡೆವು.

ಲೇಸರೂ ಹಾಗೆಯೇ. ವಿಮಾನದಿಂದ ಲೇಸರ್ ಮಿಡಿತಗಳನ್ನು ಬಿಟ್ಟು, ಮರದ ಎಲೆಗಳ ಸಂದಿಯಿಂದ ನೆಲಕ್ಕೆ ತಾಗಿ ಮರಳಿದವನ್ನು ಎಣಿಸಿ, ಕಾಡಿನಡಿಯ ಇಳಿಜಾರನ್ನು ನಕ್ಷೆ ಮಾಡಬಹುದು. ಹಳೆಯ ಕುಸಿತದ ಗುರುತುಗಳನ್ನೂ ಹೊಸ ಬಿರುಕಿನ ಜಾಗಗಳನ್ನೂ ಆ ನಕ್ಷೆಯಲ್ಲಿ ಹುಡುಕಬಹುದು. ಸಕ್ಕರೆ ಕಾಯಿಲೆಯವರ ಕಣ್ಣಿನ ನರಪಟಲಕ್ಕೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡುವುದೂ ಲೇಸರೇ. ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡುವ ಕಾಲವನ್ನು ಪ್ರವಾದಿ ಯೆಶಾಯ ಕಂಡರಲ್ಲವೇ? ಈ ಬೆಳಕಿನ ಮಟ್ಟಿಗೆ ಬಡಿದು ಮಾಡಬೇಕಾದ್ದೂ ಇಲ್ಲ. ದಿಕ್ಕು ತಿರುಗಿಸಿದರೆ ಸಾಕು.

ಹಣವೂ ಹಾಗೆ ತಿರುಗಬೇಕು. ೧೯೬೪ರ ಡಿಸೆಂಬರಿನಲ್ಲಿ ಜಗದ್ಗುರು ಆರನೆಯ ಪೌಲರು ಬೊಂಬಾಯಿಗೆ ಬಂದಾಗ, ರಾಷ್ಟ್ರಗಳು ಆಯುಧಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನಾದರೂ ಬಡವರಿಗಾಗಿ ಒಂದು ಲೋಕನಿಧಿಗೆ ಕೊಡಲಿ ಎಂದು ಕೇಳಿಕೊಂಡರು. ನಮ್ಮ ನೆಲದಲ್ಲಿ ನಿಂತು ಕೇಳಿದ ಮಾತು ಅದು. ಮರುವರ್ಷ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಆಯುಧಗಳ ಪೈಪೋಟಿ ಬಡವರಿಗೆ ಮಾಡುವ ಗಾಯವನ್ನು ಎತ್ತಿ ಹೇಳಿತು. ದೇಶಕ್ಕೆ ಕಾವಲು ಬೇಡ ಎಂದು ನಾವು ಹೇಳುತ್ತಿಲ್ಲ. ಗಡಿಗೆ ಕಣ್ಣಿದ್ದಂತೆ ಪಾಡಿಗೂ ಒಂದು ಕಣ್ಣಿರಲಿ ಎಂದು ಕೇಳುತ್ತಿದ್ದೇವೆ.

ಮಕ್ಕಳಿಗೆ ಏನು ಹೇಳೋಣ

ತಾಯಂದಿರ ಪ್ರಶ್ನೆಗೆ ಬರೋಣ. ಸಂತ ಲೂಕರ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಸೈನಿಕರು ಸ್ನಾನಿಕ ಯೊವಾನ್ನರ ಬಳಿಗೆ ಬಂದು, ನಾವೇನು ಮಾಡಬೇಕೆಂದು ಕೇಳುತ್ತಾರೆ. ಯೊವಾನ್ನರು ಅವರಿಗೆ ಕೆಲಸ ಬಿಡಿ ಎನ್ನಲಿಲ್ಲ. ಬಲಾತ್ಕಾರದಿಂದ ಹಣ ಕೀಳಬಾರದು, ಯಾರ ಮೇಲೂ ಸುಳ್ಳು ಆಪಾದನೆ ಹೊರಿಸಬಾರದು, ಸಂಬಳದಲ್ಲಿ ತೃಪ್ತರಾಗಿರಬೇಕು ಎಂದರು. ಸುಳ್ಳು ಆಪಾದನೆ ಎಂದರೇನು? ತಪ್ಪು ಮಾಡದವನತ್ತ ಬೆರಳು ತೋರಿಸುವುದು. ಎರಡು ಸಾವಿರ ವರ್ಷದ ಹಿಂದೆ ಹೇಳಿದ ಆ ಮಾತು ಇಂದಿನ ಈ ಯಂತ್ರಕ್ಕೂ ತಪ್ಪದೆ ಹೊಂದುತ್ತದೆ.

ಆದುದರಿಂದ ನಮ್ಮ ಕೂಟದ ಉತ್ತರ ಹೀಗಿದೆ.

ಮೊದಲನೆಯದಾಗಿ, ಅಂಥ ಕಾರ್ಖಾನೆಗೆ ಹೋಗುವ ಮಗನನ್ನಾಗಲಿ ಮಗಳನ್ನಾಗಲಿ ಪಾಪಿಯೆಂದು ಯಾರೂ ಕರೆಯಕೂಡದು. ದೇಶದ ಕಾವಲಿಗೆ ನಿಂತವರು ಜನರ ಭದ್ರತೆಯ ಸೇವಕರಾಗಬಹುದೆಂದು ವ್ಯಾಟಿಕನ್ ಮಹಾಸಭೆ ಒಪ್ಪಿದೆ. ಅದೇ ಮಹಾಸಭೆ, ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲಾರದವರನ್ನೂ ಕಾನೂನು ಮಾನವೀಯತೆಯಿಂದ ಕಾಣಬೇಕೆಂದಿದೆ. ಆದುದರಿಂದ, 'ನನ್ನ ಕೈಯಲ್ಲಿ ಆ ಕೆಲಸ ಆಗದು' ಎಂದು ಮಗು ಹೇಳಿದರೆ, ಸಾಲದ ಹೆಸರು ಹೇಳಿ ಅದನ್ನು ದೂಡಬೇಡಿ. ಸಾಲದ ಮಾತನ್ನು ಕೂಟಕ್ಕೆ ತನ್ನಿ. ಸೇರಿ ದಾರಿ ಹುಡುಕೋಣ.

ಎರಡನೆಯದಾಗಿ, ಕೆಲಸದಲ್ಲಿ ಸುಳ್ಳು ಸಹಿ ಬೇಡ. ಪರೀಕ್ಷೆಯಲ್ಲಿ ಫೇಲಾದ ಮಸೂರವನ್ನು ಪಾಸು ಮಾಡಿ ಎಂದು ಮೇಲಿನವರು ಅವಸರಪಡಿಸಬಹುದು. ಮಿಲಿಮೀಟರಿನ ತಪ್ಪು ಹತ್ತು ಕಿಲೋಮೀಟರ್ ಆಚೆ ಪಕ್ಕದ ಮನ��ಯಾಗುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ತೋಟದಲ್ಲಿ ತೂಕದಲ್ಲಿ ಮೋಸವಾದರೆ ಕೂಲಿ ಹೋಗುತ್ತದೆ. ಅಲ್ಲಿ ಮೋಸವಾದರೆ ಜೀವ ಹೋಗುತ್ತದೆ.

ಮೂರನೆಯದಾಗಿ, ತಮ್ಮ ಕಣ್ಣನ್ನು ಕಾಪಾಡಿಕೊಳ್ಳಲಿ. ಗುರಿ ತೋರಿಸುವ ಲೇಸರ್ ಬೆಳಕು ಕಣ್ಣಿಗೆ ಕಾಣದು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ನೋವೂ ಗೊತ್ತಾಗದೆ ಕಣ್ಣಿನ ಒಳಪರದೆ ಸುಟ್ಟುಹೋಗಬಹುದು. ಹೊಳೆಯುವ ಲೋಹಕ್ಕೆ ಬಡಿದು ಮರಳಿದ ಕಿರಣವೂ ಸಾಕು. ಆ ಲೇಸರಿಗೆ ತಕ್ಕ ಕನ್ನಡಕವನ್ನೇ ಕೊಡಬೇಕು. ಬಿಸಿಲಿನ ಕಪ್ಪು ಕನ್ನಡಕ ಸಾಲದು. ಕಾಯಂ ಕೆಲಸಗಾರನಿಗೆ ಕೊಟ್ಟದ್ದನ್ನು ಗುತ್ತಿಗೆಯವನಿಗೂ ಕೊಡಬೇಕು. ಅಲ್ಲಿ ೧೯೨೩ರ ಸರಕಾರಿ ಗುಟ್ಟಿನ ಕಾನೂನಿದೆ. ಮಾಡುವ ಸಾಮಾನಿನ ವಿವರ ಹೇಳು ಎಂದು ನಾವು ಮಕ್ಕಳನ್ನು ಒತ್ತಾಯಿಸಬಾರದು. ಆದರೆ ಕನ್ನಡಕ ಕೊಟ್ಟಿಲ್ಲ ಎಂಬುದು ದೇಶದ ಗುಟ್ಟಲ್ಲ.

ನಾಲ್ಕನೆಯದಾಗಿ, ಹೋದ ಊರಿನಲ್ಲಿ ಯೂನಿಯನ್ನನ್ನೂ ಧರ್ಮಕೇಂದ್ರವನ್ನೂ ಹುಡುಕಿಕೊಳ್ಳಲಿ. ಒಬ್ಬನೇ ನಿಂತವನಿಗೆ 'ಇದು ಸರಿಯಲ್ಲ' ಎಂದು ಹೇಳುವ ಧೈರ್ಯ ಬರುವುದು ಕಷ್ಟ.

ಕಡೆಯದು ನಮಗೇ. ನಾವು ಓಟು ಹಾಕುವ ಜನ. ಬೆಳಕು ಯಾರ ಮೇಲೆ ಬೀಳಬೇಕೆಂದು ನಿರ್ಧರಿಸುವವರು ನಮ್ಮ ಹೆಸರಿನಲ್ಲೇ ನಿರ್ಧರಿಸುತ್ತಾರೆ. ತಪ್ಪು ನಡೆದಾಗ ಯಾರು ತೋರಿಸಿದರು, ಯಾರು ಅಪ್ಪಣೆ ಕೊಟ್ಟರು ಎಂದು ಕೇಳುವ ಹಕ್ಕು ನಮ್ಮದು. ಸತ್ತವರು ನಮ್ಮ ದೇಶದವರಾಗಲಿ, ಆಚೆಯ ದೇಶದವರಾಗಲಿ, ಕೇಳಬೇಕು. ಅಮೀರಿಯದಲ್ಲಿ ಮಲಗಿದ್ದ ಮಗುವಿಗೂ ನಮ್ಮ ಪಾಡಿಯಲ್ಲಿ ಮಲಗಿದ ಮಗುವಿಗೂ ತಂದೆಯಾದ ದೇವರು ಒಬ್ಬನೇ.

ಬೇರೆಯವರು ತೋರಿಸಿದ ಕಡೆಗೆ ದುಡಿದು ನಮಗೆ ಅಭ್ಯಾಸ. ಮೇಸ್ತ್ರಿ ಬೆರಳು ತೋರಿಸಿದ ಸಾಲಿಗೆ ನಡೆಯುತ್ತೇವೆ. ಆದರೆ ಕೈ ಕೂಲಿಗೆ ಕೊಟ್ಟವರು ಮನಸ್ಸಾಕ್ಷಿಯನ್ನೂ ಕೂಲಿಗೆ ಕೊಟ್ಟಿಲ್ಲ. ನಮ್ಮ ಮಕ್ಕಳು ಯಾವ ಕಾರ್ಖಾನೆಗೆ ಹೋದರೂ ಇದೊಂದನ್ನು ಗಂಟಿನಲ್ಲಿ ಕಟ್ಟಿ ಕಳುಹಿಸೋಣ.

ದುಡಿಯುವ ಕೈಗಳನ್ನು ಬಲ್ಲ ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ. ಗಡಿಯಲ್ಲಿ ಎಚ್ಚರವಾಗಿರುವ ಸೈನಿಕರನ್ನೂ, ಅವರ ಎದುರು ದಿಕ್ಕಿನಲ್ಲಿ ನಿಂತಿರುವ ಬಡವರ ಮಕ್ಕಳನ್ನೂ, ದೂರದ ಊರಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಮಕ್ಕಳನ್ನೂ ಪ್ರಭು ಕಾಪಾಡಲಿ. ಆಮೆನ್.